ಅಡ್ಡಿಲ್ಲೆ ಅಂದವಳ ಲೆಕ್ಕ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಮಾತಿದೆ, ‘ಅಡ್ಡಿಲ್ಲೆ’ ಅಂತ. ಸಾರು ಹೇಗಾಗಿದೆ ಎಂದರೆ ಅಡ್ಡಿಲ್ಲೆ. ಹುಡುಗ ಹೇಗಿದ್ದಾನೆ ಎಂದರೆ ಅಡ್ಡಿಲ್ಲೆ. ಮಂಡಿನೋವು ಹೇಗಿದೆ ಎಂದರೂ ಅಡ್ಡಿಲ್ಲೆ. ಚೆನ್ನಾಗಿದೆ ಎಂದು ಒಪ್ಪಿಕೊಳ್ಳದೆ, ಚೆನ್ನಾಗಿಲ್ಲ ಎಂದು ನೋಯಿಸದೆ, ನಡುವೆ ಎಲ್ಲೋ ಮಣೆ ಹಾಕಿಕೊಂಡು ಕೂತುಬಿಡುವ ಮಾತು ಅದು. ಘಟ್ಟದ ಕೆಳಗಿನ ನನ್ನ ತವರಿನಲ್ಲೂ ಈ ಮಾತಿದೆ. ಆದರೆ ಘಟ್ಟದ ಮೇಲಿನವರಷ್ಟು ಧಾರಾಳವಾಗಿ ಅದನ್ನು ಅಲ್ಲಿ ಯಾರೂ ಖರ್ಚು ಮಾಡುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಇಲ್ಲಿನವರು ಯಾವ ಅಡ್ಡಿಲ್ಲೆಯನ್ನು ನಗುತ್ತ ಹೇಳುತ್ತಾರೆ, ಯಾವುದನ್ನು ನಿಟ್ಟುಸಿರು ನುಂಗಿ ಹೇಳುತ್ತಾರೆ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಆ ಮಾತನ್ನು ನಾನೇ ಒಮ್ಮೆ ಅಂಗಡಿಯ ಗಲ್ಲೆಯ ಹಿಂದೆ ಕೂತು ಆಡಿದೆ. ಒಂದು ದೋಣಿಯ ಎಂಜಿನ್ನಿಗೆ ಎಣ್ಣೆ ಹೋಗುವ ಕೊಳವೆಯ ತುದಿಯ ತುಂಡಿನ ಬಗ್ಗೆ ಆಡಿದ್ದು. ಹೆಬ್ಬೆರಳಿನಷ್ಟು ಗಾತ್ರದ ತುಂಡು. ಆಮೇಲೆ ಬಹಳ ದಿನ ಅದು ನನ್ನ ನಿದ್ದೆ ಕೆಡಿಸಿತು.

ನಮ್ಮದು ಶಿರಸಿಯಲ್ಲಿ ಸಣ್ಣ ಅಂಗಡಿ. ಪಂಪ್‌ಸೆಟ್ಟಿನ ಬಿಡಿಭಾಗ, ಪೈಪು, ಕ್ಲಿಪ್ಪು, ವಾಷರು, ಅಡಿಕೆಗೆ ಔಷಧಿ ಹೊಡೆಯುವ ಪಂಪಿನ ಸಾಮಾನು ಇಂಥವೇ. ಜೂನ್ ಹತ್ತಿರವಾದರೆ ನಮಗೆ ಊಟಕ್ಕೂ ಪುರಸೊತ್ತಿಲ್ಲ. ಕೊಳೆರೋಗ ಬರುವ ಮೊದಲು ಕೊನೆಗಳಿಗೆ ಬೋರ್ಡೋ ದ್ರಾವಣ ಬೀಳಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಪಂಪು ಮೂಲೆಯಿಂದ ಹೊರಗೆ ಬಂದಾಗಲೇ ಅದರ ಕಪ್ಲಿಂಗು ಒಡೆದಿದೆ ಎಂದು ಜನರಿಗೆ ಗೊತ್ತಾಗುವುದು. ‘ಅಕ್ಕಾ, ಇದಕ್ಕೆ ಹೊಂದೋದು ಇದ್ದಾ?’ ಎಂದು ಕೈಯಲ್ಲಿ ಹಿಡಿದು ಬರುತ್ತಾರೆ. ನಾನು ಡಬ್ಬಿ ತೆಗೆದು ಒಂದೊಂದನ್ನೇ ಕೂರಿಸಿ ನೋಡುತ್ತೇನೆ. ಯಜಮಾನರು ಸಾಮಾನು ತರಲು ಹುಬ್ಬಳ್ಳಿ, ಮಂಗಳೂರು ಎಂದು ತಿರುಗುವವರು; ಜೋಡಿ ಹುಡುಕುವ ಕೆಲಸ ನನ್ನದು. ಇಪ್ಪತ್ತು ವರ್ಷ ಇದನ್ನೇ ಮಾಡಿ, ಬೆರಳ ತುದಿಯಿಂದಲೇ ಅಳತೆ ಹೇಳುತ್ತೇನೆ ಎಂಬ ಜಂಬವೂ ನನಗಿತ್ತು.

2018ರ ಮಾರಿಕಾಂಬಾ ಜಾತ್ರೆಯ ಸಮಯ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರೊಳಗೆ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದಲ್ಲಿ ನನ್ನ ತವರೂರಿನ ದೋಣಿಯಣ್ಣ ಹೆಂಡತಿ ಮೊಮ್ಮಕ್ಕಳ ಜೊತೆ ಅಂಗಡಿಗೆ ಬಂದ. ನನ್ನ ತವರು ಅಘನಾಶಿನಿ. ನದಿಯ ಹೆಸರೂ ಅದೇ, ಊರಿನ ಹೆಸರೂ ಅದೇ. ಆಚೆ ದಡದಲ್ಲಿ ತದಡಿ. ಚಿಕ್ಕವಳಿದ್ದಾಗ ಗೋಕರ್ಣಕ್ಕೆ ಹೋಗಬೇಕಾದರೆ ಈತನ ಅಪ್ಪನೇ ಹುಟ್ಟು ಹಾಕಿ ನಮ್ಮನ್ನು ದಾಟಿಸುತ್ತಿದ್ದ. ಈ ನದಿಯ ಒಂದು ಮೂಲ ಇಲ್ಲೇ, ಶಿರಸಿಯ ಶಂಕರಹೊಂಡದಲ್ಲಿದೆ. ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿಯ ಕಡೆ ಧುಮುಕಿ, ಎಲ್ಲೂ ಒಂದು ಅಣೆಕಟ್ಟಿಗೆ ಸಿಕ್ಕದೆ ನನ್ನ ತವರಿನ ಮುಂದೆ ಸಮುದ್ರ ಸೇರುತ್ತದೆ. ಗಂಡನ ಮನೆಯಲ್ಲಿ ಹುಟ್ಟಿ ತವರಿಗೆ ಹೋಗಿ ಮುಟ್ಟುವ ನೀರು ಎಂದು ನಾನು ತಮಾಷೆ ಮಾಡುವುದಿದೆ.

ದೋಣಿಯಣ್ಣ ಚೀಲದಿಂದ ಕಪ್ಪು ರಬ್ಬರ್ ಕೊಳವೆ ತೆಗೆದು ಗಲ್ಲೆಯ ಮೇಲಿಟ್ಟ. ನಡುವೆ ಮೊಟ್ಟೆಯಾಕಾರದ ರಬ್ಬರ್ ಉಂಡೆ. ಅದಕ್ಕೆ ಬಲ್ಬು ಅನ್ನುತ್ತಾರೆ. ಕೊಳವೆಯ ತುದಿಯ ತುಂಡು ಸೀಳಿತ್ತು. ಅದು ಕಚ್ಚಿಕೊಳ್ಳಬೇಕಾದ ಎಂಜಿನ್ನಿನ ಕಡೆಯ ತುಂಡನ್ನೂ ಬುದ್ಧಿವಂತಿಕೆಯಿಂದ ಬಿಚ್ಚಿ ತಂದಿದ್ದ. ‘ಇದಕ್ಕೆ ಆಗೂದು ಇದ್ರೆ ಕೊಡಿ ಅಮ್ಮಾ, ಮತ್ತೆ ಮಂಗಳೂರಿಗೆ ಹೇಳಿ ತರಿಸೂದು ಅಂದ್ರೆ ಎಂಟು ದಿನ’ ಅಂದ.

ಔಟ್‌ಬೋರ್ಡ್ ಮೋಟಾರು ಎಂದರೆ ದೋಣಿಯ ಹಿಂಬದಿಯ ಹಲಗೆಗೆ ನೇತುಹಾಕುವ ಎಂಜಿನ್ನು. ನೋಡದವರು, ದೋಣಿಯ ಬೆನ್ನಿಗೆ ಕಟ್ಟಿದ ಮಿಕ್ಸಿ ಎಂದು ತಿಳಿದುಕೊಳ್ಳಬಹುದು. 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಇದನ್ನು ಮಾರಾಟಕ್ಕೆ ತಂದು ಗೆದ್ದವನು ನಾರ್ವೆಯಲ್ಲಿ ಹುಟ್ಟಿದ ಓಲೆ ಎವಿನ್‌ರೂಡ್. ಬೇಸಿಗೆಯ ದಿನ ತನ್ನ ಬೆಸ್ ಎಂಬಾಕೆಗಾಗಿ ಕೆರೆ ದಾಟಿ ಐಸ್‌ಕ್ರೀಮ್ ತರಲು ಹೋಗಿ, ಹುಟ್ಟು ಹಾಕಿ ವಾಪಸು ಬರುವಷ್ಟರಲ್ಲಿ ಅದು ಕರಗಿತ್ತೆಂದೂ, ಅಲ್ಲಿಂದ ಈ ಯೋಚನೆ ಮೊಳೆಯಿತೆಂದೂ ಕಥೆಯಿದೆ. ಕಥೆ ಹೇಗಾದರೂ ಇರಲಿ, ಆ ಬೆಸ್ ಮುಂದೆ ಅವನನ್ನೇ ಮದುವೆಯಾಗಿ ಕಂಪನಿಯ ವ್ಯವಹಾರ ನೋಡಿಕೊಂಡಳು, ಜಾಹೀರಾತನ್ನೂ ಬರೆದಳು. ಅವಳ ಮಾತು ಹಿಡಿದುಕೊಂಡೇ ಎಂಜಿನ್ನು ಮಾರಾಟವಾಯಿತು. ಅಂಗಡಿಯಲ್ಲಿ ಕೂರುವ ಹೆಂಗಸಾಗಿ ನನಗೆ ಓಲೆಗಿಂತ ಈಕೆಯೇ ಹತ್ತಿರದವಳು.

ಈ ಎಂಜಿನ್ನಿಗೆ ಎಣ್ಣೆ ಬರುವುದು ದೋಣಿಯೊಳಗೆ ಬೇರೆಯೇ ಇಟ್ಟ ಡಬ್ಬಿಯಿಂದ. ಡಬ್ಬಿಗೂ ಎಂಜಿನ್ನಿಗೂ ನಡುವೆ ಆ ರಬ್ಬರ್ ಕೊಳವೆ. ಬೇಕಾದಾಗ ಸಿಕ್ಕಿಸಿ ಬೇಡವಾದಾಗ ತೆಗೆಯುವ ಹಾಗೆ ತುದಿಯಲ್ಲಿ ಜೋಡಿ ತುಂಡುಗಳು. ಒಬ್ಬ ಕಂಪನಿಯವನದು ಎರಡು ಮೊಳೆಯಂತೆ ಚಾಚಿರುತ್ತದೆ. ಇನ್ನೊಬ್ಬನದು ಒಂದು ನಳಿಗೆ, ಪಕ್ಕದಲ್ಲಿ ದಾರಿ ತೋರಿಸಲು ಒಂದು ಗೂಟ. ಮತ್ತೊಬ್ಬನದು ಹೋಲ್ಡರಿಗೆ ಬಲ್ಬು ಹಾಕುವ ಹಾಗೆ ಒತ್ತಿ ತಿರುಗಿಸುವುದು. ಯಮಾಹಾದ್ದು ಹೋಂಡಾಕ್ಕೆ ಕೂರದು, ಮರ್ಕ್ಯುರಿಯದು ಸುಜುಕಿಗೆ ಕೂರದು. ಒಂದೇ ಕಂಪನಿಯ ಸಣ್ಣ ಎಂಜಿನ್ನಿಗೂ ದೊಡ್ಡದಕ್ಕೂ, ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವಿರುವುದುಂಟು. ಕೊಳವೆಯ ಒಳಗಣ್ಣೂ ಕಾಲಿಂಚು, ಇಂಚಿನ ಎಂಟರಲ್ಲಿ ಮೂರು ಪಾಲು ಎಂದು ಬೇರೆ ಬೇರೆ. ನಮ್ಮ ಅಡಿಗೆಮನೆಯ ಗ್ಯಾಸ್ ಸಿಲಿಂಡರಿನ ಬಾಯಿ ನೋಡಿ, ಯಾವ ಕಂಪನಿಯದಾದರೂ ಒಂದೇ ಅಳತೆ. ಅದನ್ನು ಯಾರೋ ಕೂತು ಒಟ್ಟಿಗೆ ತೀರ್ಮಾನ ಮಾಡಿದ್ದಾರೆ. ದೋಣಿಯವರಿಗೆ ಆ ಭಾಗ್ಯವಿಲ್ಲ.

ನಮ್ಮ ಅಂಗಡಿಯಲ್ಲಿ ಅಂಥ ತುಂಡುಗಳು ನಾಲ್ಕೈದು ಇದ್ದವು. ಯಾವುದೋ ಲಾಟಿನಲ್ಲಿ ಬಂದು ಡಬ್ಬಿಯ ತಳದಲ್ಲಿ ಧೂಳು ತಿನ್ನುತ್ತಿದ್ದವು. ಒಂದನ್ನು ಕೂರಿಸಿ ನೋಡಿದೆ. ಕೂತಿತು. ಸ್ವಲ್ಪ ಅಲುಗುತ್ತಿತ್ತು. ಔಷಧಿ ಪಂಪಿಗೆ ಹಾಕುವ ಒಂದು ರಬ್ಬರ್ ಉಂಗುರವನ್ನು ಒಳಗೆ ಕೂರಿಸಿದೆ. ಅಲುಗುವುದು ನಿಂತಿತು. ಕೊಳವೆಗೆ ನೀರು ತುಂಬಿ, ಆಚೆ ತುದಿಗೆ ಹೆಬ್ಬೆರಳು ಒತ್ತಿ, ದೋಣಿಯಣ್ಣನಿಗೆ ಬಲ್ಬು ಒತ್ತಲು ಹೇಳಿದೆ. ಬಲ್ಬು ಕಲ್ಲಿನಂತೆ ಗಟ್ಟಿಯಾಯಿತು. ಒಂದು ಹನಿ ಸೋರಲಿಲ್ಲ.

‘ಆಗ್ತದಾ ಅಮ್ಮಾ?’

‘ಅಡ್ಡಿಲ್ಲೆ’ ಅಂದೆ.

ಅವನು ನನ್ನ ಮುಖ ನೋಡಿದ, ತುಂಡು ನೋಡಲಿಲ್ಲ. ಇದು ನನಗೆ ಈಗ ನೆನಪಾಗುವುದು, ಆಗ ಕಾಣಲಿಲ್ಲ. ಮೊಮ್ಮಕ್ಕಳಿಗೆ ಬೆಂಡು ಬತ್ತಾಸು ಕೊಡಿಸಿ, ಸಂಜೆಯ ಬಸ್ಸಿಗೆ ದೇವಿಮನೆ ಘಟ್ಟ ಇಳಿದು ಹೋದ.

ಏಪ್ರಿಲ್‌ನಲ್ಲಿ ಅಣ್ಣ ಫೋನು ಮಾಡಿದಾಗ ಬೇರೆ ಸುದ್ದಿಗಳ ನಡುವೆ ಇದನ್ನೂ ಹೇಳಿದ. ನಮ್ಮ ಅಳಿವೆಯಲ್ಲಿ ನೀರಿಳಿದ ಹೊತ್ತಿನಲ್ಲಿ ಹೆಂಗಸರು ಸೊಂಟಮಟ್ಟ ನೀರಿಗಿಳಿದು ಬಳಚು ಆರಿಸುತ್ತಾರೆ; ಬುಟ್ಟಿಗಟ್ಟಲೆ ಚಿಪ್ಪು ಹೊತ್ತು ತಂದು ಮಾರಿದರೆ ಆ ದಿನದ ಅಕ್ಕಿ. ಅವತ್ತು ಅಂಥ ಒಂಬತ್ತು ಹೆಂಗಸರು ಬುಟ್ಟಿ ಸಮೇತ ದೋಣಿಯಣ್ಣನ ದೋಣಿಯಲ್ಲಿ ಬರುತ್ತಿದ್ದರು. ಹೊಳೆಯ ಬಾಯಿಯ ಹತ್ತಿರ, ಇಳಿತದ ಸೆಳೆತ ಜೋರಾಗಿರುವಲ್ಲಿ, ಅದನ್ನು ದಾಟಲೆಂದು ಎಂಜಿನ್ನಿನ ವೇಗ ಹೆಚ್ಚಿಸಿದ. ಹೆಚ್ಚಿಸಿದ ಕೂಡಲೇ ಎಂಜಿನ್ನು ಕೆಮ್ಮಿ ನಿಂತಿತು. ಹಗ್ಗ ಎಳೆದರೆ ಹೊತ್ತಿಕೊಳ್ಳುತ್ತದೆ, ನಿಧಾನಕ್ಕೆ ನಡೆಯುತ್ತದೆ. ಜೋರು ಮಾಡಿದರೆ ಮತ್ತೆ ಸಾಯುತ್ತದೆ. ನಿಧಾನದ ಓಟ ಆ ಸೆಳೆತಕ್ಕೆ ಸಾಲದು. ದೋಣಿ ಹಿಂದು ಮುಂದಾಗಿ ಸಮುದ್ರದ ಕಡೆ ಸರಿಯತೊಡಗಿತು. ಭಾರ ಇಳಿಸಲು ಹೆಂಗಸರು ಬುಟ್ಟಿಗಳನ್ನು ಒಂದೊಂದಾಗಿ ನೀರಿಗೆ ಸುರಿದರು. ಅಷ್ಟರಲ್ಲಿ ತದಡಿಯ ಕಡೆಯಿಂದ ಬಂದ ಇನ್ನೊಂದು ದೋಣಿಯವರು ಹಗ್ಗ ಎಸೆದರು. ಯಾರಿಗೂ ಏನೂ ಆಗಲಿಲ್ಲ. ಬಳಚು ಹೋಯಿತು, ಅಷ್ಟೆ.

‘ಅಷ್ಟೆ’ ಎಂದು ಅಣ್ಣ ಅಂದ. ಬೆಳಗಿನಿಂದ ನೀರಿನಲ್ಲಿ ನಿಂತ ಒಂಬತ್ತು ಜನರ ಒಂದು ದಿನ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಂಜಿನ್ನಿಗೆ ಏನಾಗಿತ್ತಂತೆ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳದಿದ್ದದ್ದರಿಂದಲೇ ಉತ್ತರ ಗೊತ್ತಿತ್ತೆನ್ನಿ.

ಮೇ ತಿಂಗಳಲ್ಲಿ ತವರಿಗೆ ಹೋದೆ. ಆ ಎಂಜಿನ್ನನ್ನು ರಿಪೇರಿ ಮಾಡಿದ ಮೆಕ್ಯಾನಿಕ್ಕನ ಹತ್ತಿರ ನಾನೇ ಹೋಗಿ, ಇಂಥ ತುಂಡು ಕೊಟ್ಟವಳು ನಾನು, ತಪ್ಪೇನಾಯಿತು ಹೇಳು ಅಂದೆ. ಇಪ್ಪತ್ತೈದು ವರ್ಷದ ಹುಡುಗ, ಸಂಕೋಚಪಟ್ಟ. ಆಮೇಲೆ ಉತ್ಸಾಹ ಬಂದು ಪ್ರಯೋಗ ಮಾಡಿಯೇ ತೋರಿಸಿದ. ಒಂದು ಡ್ರಮ್ಮಿನ ನೀರಿನಲ್ಲಿ ಎಂಜಿನ್ನಿನ ಕಾಲು ಮುಳುಗಿಸಿ, ಕಪ್ಪು ಕೊಳವೆಯ ಬದಲು ಪಾರದರ್ಶಕ ಕೊಳವೆ ಹಾಕಿ, ನಾನು ಕೊಟ್ಟ ಅದೇ ತುಂಡು ಸಿಕ್ಕಿಸಿ ಎಂಜಿನ್ನು ಹೊತ್ತಿಸಿದ. ನಿಧಾನಕ್ಕೆ ಓಡುವಾಗ ಎಣ್ಣೆ ನೆಟ್ಟಗೆ ಹರಿಯಿತು. ವೇಗ ಹೆಚ್ಚಿಸಿದ. ಕೊಳವೆಯೊಳಗೆ ಸಾಸಿವೆಯಂಥ ಗುಳ್ಳೆಗಳು ಸಾಲುಗಟ್ಟಿ ಓಡಿದವು. ಎಂಜಿನ್ನು ಕೆಮ್ಮಿತು. ಹೊರಗೆ ತುಂಡಿನ ಮೈ ಒಣಗಿಯೇ ಇತ್ತು, ಒಂದು ಹನಿ ಇಲ್ಲ.

‘ಇದು ಎಳೆಯೂ ಪೈಪು ಅಕ್ಕಾ. ಎಳೆಯೂದು ಸೋರೂದಿಲ್ಲ, ಗಾಳಿ ಕುಡೀತದೆ’ ಅಂದ.

ಎಳನೀರು ಕುಡಿಯುವ ಕೊಳವೆಯಲ್ಲಿ ಸೀಳಿದ್ದರೆ ಏನಾಗುತ್ತದೆ, ನಿಮಗೇ ಗೊತ್ತು. ನೀರು ಹೊರಗೆ ಚೆಲ್ಲುವುದಿಲ್ಲ. ಬಾಯಿಗೆ ಗಾಳಿ ಬರುತ್ತದೆ. ನನ್ನ ಇಪ್ಪತ್ತು ವರ್ಷದ ಅನುಭವವೆಲ್ಲ ಔಷಧಿ ಪಂಪಿನದು, ತಳ್ಳುವ ಕೊಳವೆಯದು. ಅಲ್ಲಿ ಜೋಡಣೆ ಸರಿಯಿಲ್ಲದಿದ್ದರೆ ಮುಖಕ್ಕೇ ಚಿಮ್ಮುತ್ತದೆ, ಸುಳ್ಳು ಹೇಳಲು ಬರುವುದಿಲ್ಲ. ನಾನು ಬಲ್ಬು ಒತ್ತಿಸಿ ನೋಡಿದ್ದೂ ತಳ್ಳುವ ಪರೀಕ್ಷೆಯೇ. ಎಂಜಿನ್ನಿನ ಪಂಪು ಹೀರಿದಾಗ ಏನಾಗುತ್ತದೆ ಎಂದು ಪರೀಕ್ಷಿಸಲಿಲ್ಲ. ಇದರಲ್ಲಿ ನನ್ನನ್ನು ಹೆಚ್ಚು ಚುಚ್ಚಿದ್ದೆಂದರೆ, ಇದು ನನಗೆ ತಿಳಿಯದ ವಿಷಯವೇ ಅಲ್ಲ. ತೋಟದ ಪಂಪ್‌ಸೆಟ್ಟು ಗಾಳಿ ಹಿಡಿದರೆ ನೀರು ಏಳದು ಎಂದು ದಿನಕ್ಕೆ ಹತ್ತು ಜನರಿಗೆ ಹೇಳುವವಳು ನಾನು. ಗೊತ್ತಿದ್ದದ್ದು ಆ ಗಳಿಗೆಗೆ ನೆನಪಾಗಲಿಲ್ಲ, ಯಾಕೆಂದರೆ ತುಂಡು ‘ಕೂತಿತ್ತು’.

ಹುಡುಗ ಇನ್ನೂ ಎರಡು ತೋರಿಸಿದ. ಆ ತುಂಡಿನೊಳಗೆ ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಮುಚ್ಚಳವಿರುತ್ತದೆ; ಕೊಳವೆ ಕಳಚಿದಾಗ ಎಣ್ಣೆ ಚೆಲ್ಲದಿರಲೆಂದು. ಎಂಜಿನ್ನಿನ ಕಡೆಯ ನಳಿಗೆ ಒಳಹೊಕ್ಕು ಅದನ್ನು ತಳ್ಳಿ ತೆರೆಯಬೇಕು. ಕಂಪನಿ ಬೇರೆಯಾದ್ದರಿಂದ ನಳಿಗೆ ಒಂದೆರಡು ನೂಲು ಗಿಡ್ಡ. ಮುಚ್ಚಳ ಅರ್ಧವೇ ತೆರೆಯುತ್ತಿತ್ತು. ಅರ್ಧ ಬಾಗಿಲಿನಲ್ಲಿ ನಿಧಾನದ ಓಟಕ್ಕೆ ಸಾಕಾಗುವಷ್ಟು ಎಣ್ಣೆ ಬರುತ್ತದೆ, ಜೋರಿಗೆ ಸಾಲದು. ಎರಡನೆಯದು ನಾನು ಕೂರಿಸಿದ ಉಂಗುರ. ನೀರಿನ ಔಷಧಿಗೆ ತಯಾರಾದ ರಬ್ಬರು, ಪೆಟ್ರೋಲು ಸೀಮೆಎಣ್ಣೆ ತಾಗಿ ಹಪ್ಪಳದಂತೆ ಊದಿ ಮೆತ್ತಗಾಗಿತ್ತು. ಪೆಟ್ರೋಲಿಗೆ ನೈಟ್ರೈಲ್ ಎಂಬ ಬೇರೆಯೇ ರಬ್ಬರು ಬೇಕು. ಈಗಂತೂ ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಬೆರೆಸುತ್ತಾರೆ, ಹಳೆಯ ರಬ್ಬರುಗಳಿಗೆ ಅದು ಇನ್ನೂ ಕೆಟ್ಟದ್ದು. ಕಣ್ಣಿಗೆ ಎಲ್ಲ ಉಂಗುರವೂ ಕಪ್ಪೇ.

ಇಷ್ಟು ತಿಳಿದ ಮೇಲೆ ಪ್ರಶ್ನೆ ಶುರುವಾಯಿತು. ನಾನು ಮಾಡಿದ್ದು ತಪ್ಪೇ, ಅಲ್ಲ ಬರೀ ಅಜ್ಞಾನವೇ? ಯಜಮಾನರು ಸಮಾಧಾನ ಹೇಳಿದರು: ನೀನು ಸುಳ್ಳು ಹೇಳಲಿಲ್ಲ, ಮೋಸ ಮಾಡಲಿಲ್ಲ, ಲಾಭವೂ ಎಷ್ಟೆಂದು, ಪರೀಕ್ಷೆ ಮಾಡಿಯೇ ಕೊಟ್ಟೆ. ಎಲ್ಲ ನಿಜ. ಆದರೂ ಅಡ್ಡಿಲ್ಲೆ ಅಂದಾಗ ನನ್ನೊಳಗೆ ಇದ್ದದ್ದೇನು ಎಂದು ಪ್ರಾಮಾಣಿಕವಾಗಿ ಹುಡುಕಿದರೆ, ಜಾತ್ರೆಯ ಗಿರಾಕಿಗಳ ಸಾಲು ಇತ್ತು. ತವರಿನವನನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಪ್ರೀತಿ ಇತ್ತು. ನನ್ನ ಬೆರಳಿಗೆ ಗೊತ್ತಾಗದ್ದಿಲ್ಲ ಎಂಬ ಜಂಬ ಇತ್ತು. ಆ ಸಣ್ಣ ಅಲುಗಾಟ ಕೂಡ ಇತ್ತು. ಅದನ್ನು ನಾನು ಕಂಡಿದ್ದೆ, ಉಂಗುರ ಹಾಕಿ ಮುಚ್ಚಿದೆ. ತುಂಡು ತಾನು ಜೋಡಿಯಲ್ಲ ಎಂದು ಅಲುಗಿ ಹೇಳಿತ್ತು, ನಾನು ಅದರ ಬಾಯಿ ಕಟ್ಟಿದೆ. ಅಜ್ಞಾನದ ಪಾಲು ಎಷ್ಟು, ಇದರ ಪಾಲು ಎಷ್ಟು ಎಂದು ಇಂದಿಗೂ ಬಿಡಿಸಲು ಬಂದಿಲ್ಲ.

ಹೊಂದದ್ದನ್ನು ಹೊಂದಿಸುವುದೇ ತಪ್ಪು ಎಂದು ತೀರ್ಮಾನಿಸಿಬಿಟ್ಟರೆ ಸುಲಭವಾಗಿತ್ತು. ಆದರೆ ಹಾಗನ್ನಲು ಬರುವುದಿಲ್ಲ. 1970ರಲ್ಲಿ ಚಂದ್ರನ ಕಡೆ ಹೊರಟ ಅಪೋಲೋ 13 ನೌಕೆಯಲ್ಲಿ ಸ್ಫೋಟವಾಗಿ ಮೂವರು ಯಾತ್ರಿಗಳು ಪಕ್ಕದ ಸಣ್ಣ ನೌಕೆಗೆ ಸರಿದುಕೊಳ್ಳಬೇಕಾಯಿತು. ಅವರು ಬಿಟ್ಟ ಉಸಿರೇ ಅವರಿಗೆ ವಿಷವಾಗುವ ಪರಿಸ್ಥಿತಿ. ಗಾಳಿ ಶುದ್ಧ ಮಾಡುವ ಡಬ್ಬಿಗಳು ದೊಡ್ಡ ನೌಕೆಯಲ್ಲಿದ್ದವು, ಆದರೆ ಅವು ಚೌಕ. ಸಣ್ಣ ನೌಕೆಯ ಬಾಯಿ ದುಂಡಗೆ. ಒಂದೇ ಯಾತ್ರೆಗೆ ತಯಾರಾದ ಎರಡು ನೌಕೆಗಳಿಗೇ ಹೊಂದಾಣಿಕೆ ಇರಲಿಲ್ಲ! ಭೂಮಿಯ ಮೇಲಿದ್ದ ಎಂಜಿನಿಯರುಗಳು ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿ ಸೇರಿಸಿ ಚೌಕವನ್ನು ದುಂಡಕ್ಕೆ ಜೋಡಿಸುವ ಉಪಾಯ ಕಂಡುಹಿಡಿದರು. ಮೂವರೂ ಬದುಕಿ ಬಂದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅದೂ ಒಂದು ಅಡ್ಡಿಲ್ಲೆಯೇ.

ಆದರೆ ಆ ಎಂಜಿನಿಯರುಗಳು ಯಾತ್ರಿಗಳ ಹತ್ತಿರ ಏನೇನಿದೆಯೋ ಅವನ್ನೇ ಬಳಸಿ ಮೊದಲು ತಾವು ಕಟ್ಟಿ, ಅದು ಕೆಲಸ ಮಾಡುತ್ತದೆಂದು ಪರೀಕ್ಷಿಸಿ, ಆಮೇಲೆ ಮೇಲಕ್ಕೆ ಮಾತಿನಲ್ಲಿ ಹೇಳಿದರು. ನಾನು ನೀರು ತುಂಬಿ ನೋಡಿದೆ. ದೋಣಿ ಓಡುವುದು ನೀರಿನ ಮೇಲೆ, ಎಂಜಿನ್ನು ಓಡುವುದು ಎಣ್ಣೆಯ ಮೇಲೆ. ಇನ್ನೊಂದೆಂದರೆ, ಅವರಿಗೆ ಬೇರೆ ದಾರಿಯಿರಲಿಲ್ಲ. ದೋಣಿಯಣ್ಣನಿಗೆ ಎಂಟು ದಿನ ಕಾಯುವ ದಾರಿ ಇತ್ತು. ಎಂಟು ದಿನ ಹುಟ್ಟು ಹಾಕುತ್ತಿದ್ದ, ಬೈದುಕೊಳ್ಳುತ್ತಿದ್ದ.

ಹೊಂದದ ತುಂಡಿನಿಂದ ಒಂದು ಊರೇ ಸುಟ್ಟದ್ದೂ ಇದೆ. 1904ರ ಫೆಬ್ರುವರಿಯಲ್ಲಿ ಅಮೆರಿಕದ ಬಾಲ್ಟಿಮೋರಿಗೆ ಬೆಂಕಿ ಬಿದ್ದಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕಿನಿಂದ ಅಗ್ನಿಶಾಮಕ ದಳದವರು ಓಡಿ ಬಂದರು. ಅವರ ಕೊಳವೆಗಳ ಬಾಯಿ ಆ ಊರಿನ ನಲ್ಲಿಗಳಿಗೆ ಕೂರಲಿಲ್ಲ. ಸುಮಾರು 1,500 ಕಟ್ಟಡಗಳು ಹೋದವು. ಅದರ ಮುಂದೆ ಒಂಬತ್ತು ಬುಟ್ಟಿ ಬಳಚು ಯಾವ ಲೆಕ್ಕ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದರಿಂದ ಏನೂ ಕಡಿಮೆಯಾಗಲಿಲ್ಲ. ಅಲ್ಲಿ ಕೂರದ್ದು ಕಣ್ಣಿಗೆ ಕಂಡಿತು. ನನ್ನದು ಕೂತ ಹಾಗೆ ಕಂಡಿತು.

ಇದನ್ನು ಯೋಚಿಸುತ್ತ ಇದ್ದಾಗ ನನಗೆ ನನ್ನ ಮದುವೆಯ ದಿನ ನೆನಪಾಯಿತು. ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದು, ‘ಹೊಂದ್ಕಂಡು ಹೋಗವು ತಂಗಿ’ ಅಂದಿದ್ದಳು. ನಿಮಗೂ ಯಾರೋ ಅಂದಿರುತ್ತಾರೆ. ನೀವೂ ಯಾರಿಗೋ ಅಂದಿರುತ್ತೀರಿ, ನಾನಂತೂ ಅಂದಿದ್ದೇನೆ. ನಮ್ಮ ವ್ಯಾಪಾರದಲ್ಲಿ ಜೋಡಿ ತುಂಡುಗಳನ್ನು ಗಂಡು ತುಂಡು, ಹೆಣ್ಣು ತುಂಡು ಎನ್ನುತ್ತಾರೆ. ಒಳಗೆ ಹೋಗುವುದು ಗಂಡು, ಹಿಡಿದುಕೊಳ್ಳುವುದು ಹೆಣ್ಣು. ಮೊದಮೊದಲು ಗಿರಾಕಿಗಳ ಎದುರು ಹೇಳಲು ನಾಚಿಕೆಯಾಗುತ್ತಿತ್ತು, ಈಗ ಉಪ್ಪು ಮೆಣಸು ಅಂದಷ್ಟೇ ಸಲೀಸು. ಎಣ್ಣೆ ಕೊಳವೆಯಲ್ಲಿ ಗಂಡು ತುಂಡು ಎಂಜಿನ್ನಿಗೆ ಬಿಗಿದಿರುತ್ತದೆ, ಹೆಣ್ಣು ತುಂಡು ಕೊಳವೆಯ ತುದಿಯಲ್ಲಿ. ಹೊಂದಲಿಲ್ಲವೆಂದರೆ ಎಲ್ಲರೂ ಬದಲಿಸಲು ನೋಡುವುದು ಹೆಣ್ಣು ತುಂಡನ್ನೇ. ನಾನೂ ಅದನ್ನೇ ನೋಡಿದೆ. ಗಂಡು ತುಂಡನ್ನು ಅವನು ಬಿಚ್ಚಿ ನನ್ನ ಗಲ್ಲೆಯ ಮೇಲೆ ಇಟ್ಟಿದ್ದರೂ, ಅದನ್ನು ಬದಲಿಸಬಹುದು ಎಂಬ ಯೋಚನೆ ನನಗೆ ಬರಲಿಲ್ಲ.

ಮೆಕ್ಯಾನಿಕ್ ಹುಡುಗ ಮಾಡಿದ್ದು ಅದನ್ನೇ. ಎರಡೂ ತುಂಡುಗಳನ್ನು ತೆಗೆದು, ಒಂದೇ ಕಂಪನಿಯ ಜೋಡಿ ತರಿಸಿ, ಎಂಜಿನ್ನಿನ ಕಡೆಗೂ ಕೊಳವೆಯ ಕಡೆಗೂ ಹೊಸತನ್ನೇ ಹಾಕಿದ. ಎರಡು ಬೋಲ್ಟು, ಎರಡು ಕ್ಲಿಪ್ಪು, ಕಾಲು ಗಂಟೆ. ನಾನು ನೋಡುತ್ತಲೇ ನಿಂತೆ. ಇಷ್ಟು ಸುಲಭವೇ ಎಂದು ಕೇಳಿದರೆ, ‘ಎಂಜಿನ್ ಬದಿದು ತೆಗೆಯೂಕೆ ಆಗೂದಿಲ್ಲ ಅಂತ ಎಲ್ಲರೂ ತಿಳ್ಕಂಡಿದ್ದಾರೆ’ ಎಂದು ನಕ್ಕ.

ಹೋಲಿಕೆಯನ್ನು ಎಳೆದು ಉದ್ದ ಮಾಡುವುದು ನನಗೆ ಇಷ್ಟವಿಲ್ಲ. ಸಂಸಾರ ಎಣ್ಣೆ ಕೊಳವೆಯಲ್ಲ, ನನ್ನ ಯಜಮಾನರು ಎಂಜಿನ್ನೂ ಅಲ್ಲ. ಎಷ್ಟೋ ಬಾರಿ ನಾನೇ ಎಂಜಿನ್ನು. ಹೊಂದಿಕೊಂಡದ್ದರಿಂದ ನನಗೆ ಸಿಕ್ಕಿದ್ದೂ ಇದೆ: ಘಟ್ಟದ ಮೇಲಿನ ಚಳಿ, ಅಪ್ಪೆಹುಳಿ, ಅತ್ತೆಯ ಕೊನೆಯ ವರ್ಷಗಳ ಸ್ನೇಹ. ಆದರೂ ಆ ಪಾರದರ್ಶಕ ಕೊಳವೆಯ ಗುಳ್ಳೆಗಳನ್ನು ನೋಡಿದ ಮೇಲೆ ಒಂದು ಮಾತು ಬಿಟ್ಟುಹೋಗಿದೆ. ನನ್ನ ನಾದಿನಿಯ ಮಗಳು ಮದುವೆಯಾದ ಎರಡನೆಯ ವರ್ಷ ಬಂದು ನನ್ನ ಎದುರು ಕೂತಿದ್ದಳು. ಹೊಡೆತವಿಲ್ಲ, ಬೈಗುಳವಿಲ್ಲ, ಊಟಕ್ಕೆ ಕಡಿಮೆಯಿಲ್ಲ. ‘ಏನೂ ಇಲ್ಲ ಅತ್ತೆ, ಆದ್ರೆ ಜೋರಾಗಿ ಉಸಿರಾಡಕ್ಕೆ ಆಗ್ತಿಲ್ಲೆ’ ಅಂದಳು. ಮೊದಲಾಗಿದ್ದರೆ, ಸೋರುವುದು ಏನೂ ಕಾಣುವುದಿಲ್ಲವಲ್ಲ ಎಂದು ಅಜ್ಜಿಯ ಮಾತನ್ನೇ ದಾಟಿಸುತ್ತಿದ್ದೆ. ಅವತ್ತು ಸುಮ್ಮನೆ ಕೂತು, ಅವಳು ಹೇಳುವಷ್ಟನ್ನೂ ಕೇಳಿದೆ. ಆಮೇಲೆ ಅವಳ ಗಂಡನನ್ನೂ ಕರೆಸಿ ಕೇಳಿದೆ. ಅವನಿಗೂ ಹೇಳುವುದಿತ್ತು, ಯಾರೂ ಅವನನ್ನು ಕೇಳಿರಲಿಲ್ಲ. ಅವರಿಬ್ಬರು ಈಗ ಯಲ್ಲಾಪುರದಲ್ಲಿ ಬೇರೆ ಮನೆ ಮಾಡಿದ್ದಾರೆ. ಸರಿಹೋಯಿತೇ ಎಂದು ಕೇಳಬೇಡಿ, ಅದನ್ನು ಹೇಳಬೇಕಾದವರು ದೋಣಿಯಲ್ಲಿ ಕೂತವರು.

ಅದೇ ನೋಡಿ, ನನಗೆ ಕೊನೆಗೂ ಉಳಿದ ಪ್ರಶ್ನೆ. ಅಡ್ಡಿಲ್ಲೆ ಅನ್ನುವ ಹಕ್ಕು ಯಾರದು? ನನ್ನ ಸಾರಿಗೆ ನಾನು ಅಡ್ಡಿಲ್ಲೆ ಅನ್ನಬಹುದು, ಉಣ್ಣುವವಳು ನಾನು. ನನ್ನ ಮಂಡಿನೋವಿಗೆ ಅನ್ನಬಹುದು. ಇನ್ನೊಬ್ಬರು ಹತ್ತುವ ದೋಣಿಗೆ ದಡದಲ್ಲಿ ಕೂತು ಅಡ್ಡಿಲ್ಲೆ ಅಂದದ್ದು, ಅವರ ಅಪಾಯವನ್ನು ನನ್ನ ಬಾಯಿಯಿಂದ ಖರ್ಚು ಮಾಡಿದಂತೆ. ಆ ಒಂಬತ್ತು ಹೆಂಗಸರಿಗೆ ಒಂದು ತುಂಡಿನ ಬಗ್ಗೆ ಶಿರಸಿಯಲ್ಲಿ ಯಾರೋ ಏನೋ ಅಂದದ್ದು ಗೊತ್ತೇ ಇರಲಿಲ್ಲ. ಹಾಗೆಂದು ಅಂಗಡಿಯವಳು ಯಾರಿಗೂ ಏನೂ ಹೇಳದೆ ಕೂರಲಾದೀತೇ? ಕೊನೆಗಾರ ಐವತ್ತು ಅಡಿ ಮರದ ತುದಿಯಲ್ಲಿ ನನ್ನ ಕಪ್ಲಿಂಗು ನಂಬಿ ನಿಂತಿರುತ್ತಾನೆ. ಹೇಳಲೇಬೇಕು, ಹೇಳುವ ಮೊದಲು ಮನಸ್ಸಿನಲ್ಲಿ ಒಮ್ಮೆ ಮರ ಹತ್ತಿ ನೋಡಬೇಕು. ಅಷ್ಟು ಪುರಸೊತ್ತು ಜೂನಿನಲ್ಲಿ ಇರುವುದಿಲ್ಲ ಎಂಬುದೂ ನಿಜ.

ದೋಣಿಯಣ್ಣನ ಹತ್ತಿರ ಕ್ಷಮೆ ಕೇಳಿದಾಗ ಅವನು ಬಲೆ ಹೆಣೆಯುತ್ತ ಕೂತಿದ್ದ. ನಾನು ತುಂಡಿನ ದುಡ್ಡು ವಾಪಸು ಕೊಡಲು ಹೋದೆ. ತಗೊಳ್ಳಲಿಲ್ಲ. ‘ನಾನೇ ಹೊಳೆಯಲ್ಲಿ ಒಂದ್ಸಲ ಜೋರು ಓಡ್ಸಿ ನೋಡ್ಬೇಕಿತ್ತು. ಹೋಗ್ಲಿ, ಅಡ್ಡಿಲ್ಲ’ ಅಂದ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಕಣ್ಣೀರು ಬಂತು. ಬಳಚಿನ ದುಡ್ಡನ್ನು ಆ ಹೆಂಗಸರಿಗೆ ಮುಟ್ಟಿಸಲು ಅಣ್ಣನ ಕೈಗೆ ಕೊಟ್ಟೆ. ಏಳು ಜನ ತಗೊಂಡರು, ಇಬ್ಬರು ಬೇಡ ಅಂದರಂತೆ. ಆ ಇಬ್ಬರು ಯಾಕೆ ಬೇಡ ಅಂದರು ಎಂದು ಕೇಳಲು ನನಗೆ ಇನ್ನೂ ಧೈರ್ಯವಾಗಿಲ್ಲ.

ಈಗ ಅಂಗಡಿಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಎಣ್ಣೆಯದೋ ನೀರಿನದೋ, ತಳ್ಳುವುದೋ ಹೀರುವುದೋ, ಎಂಜಿನ್ನು ಯಾವುದು, ಎಷ್ಟು ಅಶ್ವಶಕ್ತಿ, ಯಾವ ವರ್ಷದ್ದು ಎಂದು ಕೇಳದೆ ತುಂಡು ಕೊಡುವುದಿಲ್ಲ. ಅಲುಗಿದರೆ ‘ಇದು ಇದರ ಜೋಡಿಯಲ್ಲ’ ಎಂದು ಹೇಳಿ ಡಬ್ಬಿ ಮುಚ್ಚುತ್ತೇನೆ. ಕೆಲವರು ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುತ್ತದೆ ಕೂಡ. ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಕಡೆಯ ಹಿರಿಯರೊಬ್ಬರು, ‘ಎಂತದೇ ನಿಂದು, ಮೊದ್ಲೆಲ್ಲ ಹೊಂದಿಸಿ ಕೊಡ್ತಿದ್ದೆ’ ಎಂದು ರೇಗಿದರು. ಏನು ಹೇಳಲಿ? ಮಜ್ಜಿಗೆ ಕೊಟ್ಟು ಕಳಿಸಿದೆ.

2024ರಲ್ಲಿ ನಮ್ಮ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತೆಂದು ಪೇಪರಿನಲ್ಲಿ ಬಂತು. ಆ ವರ್ಷದ ಡಿಸೆಂಬರಿನಲ್ಲಿ ತವರಿಗೆ ಹೋದಾಗ ತದಡಿಯಿಂದ ಅವನ ದೋಣಿಯಲ್ಲೇ ದಾಟಿದೆ. ಡಬ್ಬಿಯ ಮುಚ್ಚಳದ ಗಾಳಿ ತಿರುಪು ಬಿಚ್ಚಿ, ಕೊಳವೆ ಸಿಕ್ಕಿಸಿ, ಬಲ್ಬನ್ನು ನನ್ನ ಕಡೆ ಚಾಚಿದ. ‘ಒತ್ತಿ ಅಮ್ಮಾ.’ ಒತ್ತಿದೆ. ಗಟ್ಟಿಯಾಯಿತು. ಅವನು ಹಗ್ಗ ಎಳೆದ. ದಡದ ಹತ್ತಿರವೇ, ಯಾರನ್ನೂ ಹತ್ತಿಸಿಕೊಳ್ಳುವ ಮೊದಲು, ಪೂರ್ತಿ ವೇಗದಲ್ಲಿ ಒಂದು ಸುತ್ತು ಹೊಡೆದ. ಆ ಸುತ್ತಿನಲ್ಲಿ ದೋಣಿಯಲ್ಲಿ ಇದ್ದವರು ನಾವಿಬ್ಬರೇ.